ಹಸನು ಮಾಡಿ ಕಳಿಸಿದ ಹಿಂಡಿ

ನಮ್ಮ ಮನೆಗೆ ಇಂಗ್ಲಿಷಿನಲ್ಲಿ ಬರುವ ಕಾಗದವೆಲ್ಲ ಕೊನೆಗೆ ನನ್ನ ಕೈಗೇ ಬರುತ್ತದೆ. ಮಿಕ್ಸರಿನ ವಾರಂಟಿ, ಗುಳಿಗೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ, ಬ್ಯಾಂಕಿನವರು ಕಳಿಸುವ ಮಡಿಕೆ ಬಿದ್ದ ಪತ್ರ. "ಕಾನ್ವೆಂಟ್ ಸಾಲಿ ಕಲತಾಕಿ ಅದಾಳಲ್ಲ, ಅಕಿ ಕಡೆ ಕೊಡ್ರಿ," ಅನ್ನುತ್ತಾರೆ ನಮ್ಮತ್ತೆ. ಆ ಮಾತಿನಲ್ಲಿ ಹೆಮ್ಮೆ ಎಷ್ಟು, ಕುಟುಕು ಎಷ್ಟು ಅಂತ ಮದುವೆಯಾಗಿ ಒಂಬತ್ತು ವರ್ಷವಾದರೂ ನನಗೆ ಗೊತ್ತು ಹತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಅಂಥದೇ ಒಂದು ಹಾಳೆ ಬಂತು. ನಮ್ಮೂರಿಗೆ ಬರುವ ದನದ ಡಾಕ್ಟರಬಾಯಿ ಕೊಟ್ಟದ್ದು. ದನ ತಿನ್ನುವ ಹಿಂಡಿಯನ್ನು ಪರೀಕ್ಷೆಗೆ ಕಳಿಸುವಾಗ ಚೀಲದಿಂದ ಹೇಗೆ ತೆಗೆಯಬೇಕು, ಎಲ್ಲಿಂದ ತೆಗೆಯಬೇಕು, ಎಷ್ಟು ತೆಗೆಯಬೇಕು ಅಂತ ಒಂದೇ ಪುಟದಲ್ಲಿ ಬರೆದಿದ್ದರು. ಕೆಳಗೆ ಒಂದು ಗುಂಡು ಗೆರೆ, ಅದರ ನಡುವೆ ಅಡ್ಡ ಉದ್ದ ಎರಡು ಗೆರೆ ಎಳೆದು ನಾಲ್ಕು ಪಾಲು ಮಾಡಿದ ಚಿತ್ರವಿತ್ತು. ರೊಟ್ಟಿಯನ್ನು ನಾಲ್ಕು ತುಂಡು ಮಾಡಿದ ಹಾಗೆ.

ನಮ್ಮ ಊರು ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯ ಒಂದು ಮಗ್ಗಲಿಗೆ ಇದೆ. ತವರು ಇಳಕಲ್ಲೇ, ಬಸ್ಸು ಹತ್ತಿದರೆ ಅರ್ಧ ತಾಸು. ಆದರೆ ಆ ಅರ್ಧ ತಾಸಿನ ಬಸ್ಸು ಹತ್ತಬೇಕಾದರೆ ಅತ್ತೆಯನ್ನು ಕೇಳಬೇಕು, ಅತ್ತೆ ಭಾವನನ್ನು ಕೇಳಬೇಕು, ಭಾವ ಪಂಚಾಂಗ ನೋಡಬೇಕು. ನನ್ನ ಮನೆಯವರಿಗೆ ಬಾಗಲಕೋಟೆಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಹಾಗಾಗಿ ಮನೆಯಲ್ಲಿ ದಿನಾ ಇರುವವರು ನಾಲ್ಕೇ ಜನ: ಅತ್ತೆ, ಹೆಂಡತಿ ತೀರಿಕೊಂಡ ಮೇಲೆ ಮತ್ತೆ ಮದುವೆಯಾಗದ ಭಾವ, ನಾನು, ಮತ್ತೆ ನಮ್ಮ ನಾದಿನಿ. ನಾದಿನಿ ಅಂದರೆ ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಆಕೆಗೆ ಅಕ್ಕಾ ಅನ್ನುತ್ತೇನೆ.

ಅಕ್ಕನನ್ನು ಪಟ್ಟದಕಲ್ಲಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಬಾದಾಮಿಯ ಕಡೆಯ ಒಂದು ಟೆಂಪೋದಲ್ಲಿ ತವರಿಗೆ ಬಂದಿಳಿದಳು. ಕೈಯಲ್ಲಿ ಒಂದು ಟ್ರಂಕು, ಹಿಂದೆ ಒಂದು ಎಮ್ಮೆಗರು. ಆ ಕರು ಬೆಳೆದು ಮನೆಯಲ್ಲೇ ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುವ ಎಮ್ಮೆಯಾಯಿತು. ಮನೆಯವರು ಟೀ ಕುಡಿಯುವಾಗ, ಬಂದವರಿಗೆ ಮಜ್ಜಿಗೆ ಕೊಡುವಾಗ, "ನಮ್ಮ ಅಕ್ಕನ ಎಮ್ಮೀದು," ಅಂತ ಒಂದು ಮಾತು ಬಂದೇ ಬರುತ್ತಿತ್ತು. ಆಗ ಆಕೆ ಒಲೆಯ ಕಡೆ ಮುಖ ಮಾಡಿ ಸುಮ್ಮನೆ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಆಕೆ ಕೂತು ಉಣ್ಣುವುದಕ್ಕೆ ಆ ಎಮ್ಮೆಯೇ ಆಧಾರ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಆ ಎಮ್ಮೆ ಆಷಾಢದಲ್ಲಿ ಮೇವು ಬಿಟ್ಟಿತು. ಹಾಲು ದಿನದಿಂದ ದಿನಕ್ಕೆ ಇಳಿಯಿತು. ಮೈ ಮೇಲಿನ ಕೂದಲು ನಿಮಿರಿ ನಿಂತವು, ಕಣ್ಣ ಕೊನೆಯಲ್ಲಿ ಹಳದಿ ಪಿಸರು. ನಾನು ಗೊಬ್ಬರದ ಬುಟ್ಟಿ ಎತ್ತುವಾಗಲೆಲ್ಲ ಅದರ ಕಿವಿ ನೋಡುತ್ತಿದ್ದೆ. ನೊಣ ಕೂತರೂ ಅಲ್ಲಾಡಿಸುತ್ತಿರಲಿಲ್ಲ.

ಡಾಕ್ಟರಬಾಯಿ ಬಂದು ಕಣ್ಣು, ನಾಲಿಗೆ, ಹೊಟ್ಟೆ ನೋಡಿ, ಕೈ ತೊಳೆದುಕೊಳ್ಳುತ್ತ ಹೇಳಿದರು: "ಎಮ್ಮೀಗೆ ವಯಸ್ಸಾಗಿಲ್ರಿ. ತಿನ್ನೂದ್ರಾಗ ಏನರ ಇರಬೇಕು ಅಂತ ನನ್ನ ಸಂಶಯ. ಹಿಂಡಿ ಲ್ಯಾಬಿಗೆ ಕಳಸೂಣು. ಬೂಸರದ ವಿಷ ಐತಿ ಅಂತ ಬಂದ್ರ ಹಿಂಡಿ ಬದಲ ಮಾಡಿದ್ರ ಸಾಕು, ಸುಧಾರಸ್ತೈತಿ. ಹಿಂಡಿ ಛಲೋ ಐತಿ ಅಂತ ಬಂದ್ರ ಮಾತ್ರ…"

"ಮಾತ್ರ ಅಮೀನಗಡದ ಸಂತಿಗೆ ಹೊಡಿಯೂದು," ಅಂದರು ಭಾವ. "ನಮ್ಮ ಎತ್ತು ಅದನ್ನ ತಿಂತಾವ, ಹೋರಿ ಅದನ್ನ ತಿಂತೈತಿ. ಅವಕ್ಕಿಲ್ಲದ ಬ್ಯಾನಿ ಇದಕ್ಕ ಯಾಕ್ ಬಂತ್ರಿ? ದೋಷ ಎಮ್ಮೀದು, ಹಿಂಡೀದಲ್ಲ."

ಅಕ್ಕ ಎಮ್ಮೆಯ ಕೊರಳಿನ ಹಗ್ಗದಲ್ಲಿ ಸಿಕ್ಕಿದ್ದ ಹುಲ್ಲುಕಡ್ಡಿ ಕೀಳುತ್ತ ನಿಂತಿದ್ದಳು. ಎಲ್ಲ ಕಡ್ಡಿ ಕಿತ್ತ ಮೇಲೂ ಕೀಳುತ್ತಲೇ ಇದ್ದಳು.

ಹಿಂಡಿ ಅಂದರೆ ಇಲ್ಲಿ ಹತ್ತಿಕಾಳಿನ ಹಿಂಡಿ ಪುಡಿ, ಗೋವಿನಜೋಳದ ನುಚ್ಚು, ತೊಗರಿಹೊಟ್ಟು ಮೂರನ್ನೂ ಕೂಡಿಸಿ ಭಾವ ತಾವೇ ಕಲಸಿ ತುಂಬಿದ ಚೀಲಗಳು. ಒಂದು ಸಣ್ಣ ಕೋಣೆ, ಕಿಟಕಿ ಇಲ್ಲ, ಒಂದೇ ಬಾಗಿಲು, ಕೀಲಿಕೈ ಭಾವನ ಉಡದಾರದಲ್ಲಿ; ದನಕ್ಕೆ ಹಾಕುವ ಹೊತ್ತಿಗೆ ಅವರೇ ಬಾಗಿಲು ತೆಗೆಯುತ್ತಾರೆ. ಒಳಗೆ ಎಂಟು ಚೀಲ. ಬಾಗಿಲ ಹತ್ತಿರ ನಾಲ್ಕು, ಹಿಂದೆ ಗೋಡೆಗೆ ಒತ್ತಿ ನಾಲ್ಕು. ನಡುವೆ ಒಬ್ಬರು ಮೈ ಹಿಡಿಮಾಡಿಕೊಂಡು ಹೋಗುವಷ್ಟು ಸಂದು.

ಹಾಳೆಯಲ್ಲಿ ಎಲ್ಲ ಚೀಲದಿಂದಲೂ ತೆಗೆಯಬೇಕು ಅಂತ ಸ್ಪಷ್ಟ ಬರೆದಿತ್ತು. ಮೇಲಿಂದ, ನಡುವಿಂದ, ತಳದಿಂದ. ಹಿಂದಿನ ಚೀಲ ಬಿಡಬಾರದು. ಕೆಟ್ಟದ್ದನ್ನು ಆರಿಸಿ ತೆಗೆಯಬಾರದು, ಒಳ್ಳೆಯದನ್ನೂ ಆರಿಸಿ ತೆಗೆಯಬಾರದು. ತಳದಲ್ಲಿ ಕೂತ ಪುಡಿಯನ್ನೂ ಕೂಡಿಸಬೇಕು. ನಾನು ಅದನ್ನು ಎರಡು ಸಲ ಓದಿದೆ. ಓದಿ, ಬಾಗಿಲ ಸಾಲಿನ ನಾಲ್ಕು ಚೀಲದಿಂದ ನಾಲ್ಕು ಬೊಗಸೆ ತೆಗೆದೆ.

"ಸಾಕಲ್ಲ?" ಅಂದರು ಭಾವ, ನನ್ನನ್ನು ನೋಡದೆ, ಬಾಗಿಲ ಚೌಕಟ್ಟಿಗೆ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಕೂಡ ನೇರ ಮಾತಾಡುವುದಿಲ್ಲ. ಅವರು ಬಾಗಿಲಿಗೆ ಹೇಳುತ್ತಾರೆ, ನಾನು ಅತ್ತೆಗೆ ಹೇಳುತ್ತೇನೆ, ಅತ್ತೆ ಅವರಿಗೆ ಹೇಳುತ್ತಾರೆ. ನಡುವೆ ಮೂರು ಮೊಳ ಜಾಗ ಇರುತ್ತದೆ.

"ಹಿಂದ ಹೋಗಾಕ ಆಗೂದಿಲ್ಲರಿ ಅತ್ತಿ, ಇಷ್ಟು ಸಾಕು," ಅಂದೆ ನಾನು. ಹೋಗಲು ಆಗುತ್ತಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಬುಟ್ಟಿ ತಂದು ಪಡಸಾಲೆಯಲ್ಲಿ ಇಟ್ಟೆ. ಅತ್ತೆ ಬಗ್ಗಿ ನೋಡಿದರು. ಬೆರಳಲ್ಲಿ ಒಂದು ಗಂಟು ಎತ್ತಿ ಮೂಸಿದರು.

"ಇದನ್ನ ಹಿಂಗಽ ಕಳಸ್ತೀಯೇನ್ ಬೇ?"

"ಹೂನ್ರಿ."

"ಏ ಹುಚ್ಚಿ! ಹೊರಗ ಹೋಗೂ ಸಾಮಾನು, ನಾಕ ಮಂದಿ ಸಾಯೇಬ್ರು ಕೈಯಾಗ ಹಿಡಿದು ನೋಡ್ತಾರ. ಇವರ ಮನ್ಯಾಗ ಹೆಣ್ಣಮಕ್ಕಳು ಇದ್ದಾರೋ ಇಲ್ಲೋ ಅಂತಾರ. ಮರ ತಗೊಂಡ್ ಬಾ."

ನಾನು ಕೇರುವ ಮರ ತಂದೆ. ಅತ್ತೆ ಕೇರಿದರು, ನಾನು ಆರಿಸಿದೆ. ನಮ್ಮ ಮನೆಯಿಂದ ಒಂದು ಸೇರು ಜೋಳ ಪಕ್ಕದ ಮನೆಗೆ ಹೋಗಬೇಕಾದರೂ ಹಸನಾಗಿಯೇ ಹೋಗಬೇಕು. ಇಲ್ಲವಾದರೆ ಅತ್ತೆಗೆ ಆ ದಿನ ಊಟ ಸೇರುವುದಿಲ್ಲ. ಪುಡಿಯೆಲ್ಲ ಹಾರಿಹೋಯಿತು. ಎಳೆ ಕಟ್ಟಿದ ನುಚ್ಚು, ಬೂಸರ ಹಿಡಿದು ಬೂದು ಬಣ್ಣವಾದ ಗಂಟು, ಎಲ್ಲ ಬೇರೆ. ಉಳಿದದ್ದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆವು. ಅಂದು ಅಪರೂಪಕ್ಕೆ ಬಿಸಿಲಿತ್ತು. ಅತ್ತೆ ತಮ್ಮ ತವರಿನ ತುಳಸಿಗೇರಿಯ ಕಡೆಯ ಮಾತು ತೆಗೆದರು, ನಾನು ನಕ್ಕೆ, ಅವರೂ ನಕ್ಕರು. ನಾವಿಬ್ಬರೂ ಕೂಡಿ ಕೂತು ನಕ್ಕ ದಿನಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಆ ಖುಷಿಯಲ್ಲಿ ಹಾಳೆ ನನಗೆ ನೆನಪಾಗಲಿಲ್ಲ ಅಂದರೆ ಸುಳ್ಳು. ನೆನಪಾಯಿತು. ಆದರೆ ಹಾಳೆಯ ಮಾತು ಎತ್ತಿದರೆ "ಬಂತು ನೋಡ್ರಿ ಕಾನ್ವೆಂಟು" ಅನ್ನುತ್ತಿದ್ದರು. ನಮ್ಮ ಸಾಲಿಯಲ್ಲೂ ಇನ್ಸ್‌ಪೆಕ್ಷನ್ ಇದ್ದ ದಿನ ಸಿಸ್ಟರು ಮೂಗು ಸೋರುವ ಹುಡುಗಿಯರನ್ನು ಹಿಂದಿನ ಬೆಂಚಿಗೆ ಕಳಿಸಿ, ನನ್ನಂಥವರನ್ನು ಮುಂದೆ ಕೂರಿಸುತ್ತಿದ್ದರು. ಮುಂದೆ ಕೂತು ರೂಢಿಯಾದ ಹುಡುಗಿ ನಾನು.

ಬಟ್ಟೆಯ ಚೀಲ ಹೊಲಿದೆ. ಚೀಟಿಯ ಮೇಲೆ ಸಾಲಿಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಡಾಕ್ಟರಬಾಯಿ ಮರುದಿನ ಒಯ್ದರು.

ಎರಡು ವಾರದ ಮೇಲೆ ಫಲಿತಾಂಶ ನನ್ನ ಫೋನಿಗೇ ಬಂತು. ಹಿಂಡಿ ನಿರ್ದೋಷಿ. ವಿಷ ಇಲ್ಲವೆನ್ನುವಷ್ಟು ಕಡಿಮೆ.

ಓದಿ ಹೇಳಿದೆ. ಭಾವ ತಂಬಿಗೆ ಎತ್ತಿ ನೀರು ಕುಡಿದು, ಬಾಯಿ ಒರೆಸಿಕೊಂಡು, "ನಾ ಏನ್ ಹೇಳಿದ್ದೆ?" ಅಂದರು. ಗೆದ್ದ ದನಿಯಲ್ಲಲ್ಲ, ದಣಿದ ದನಿಯಲ್ಲಿ. "ಬರೂ ಸಂತಿಗೆ ಹೊಡೀತೀನಿ. ಇನ್ನೂ ನಿಂತು ಎದ್ದಾಡತೈತಿ, ಯಾರರ ತಗೋತಾರ. ಮಲಗಿದ ಮ್ಯಾಲೆ ಕಟಗರು ಬಿಟ್ಟು ಯಾರೂ ಬರೂದಿಲ್ಲ."

ಸಂತೆಗೆ ಐದು ದಿನ ಇತ್ತು.

ಆ ಮಧ್ಯಾಹ್ನ ನಾನು ಅಂಗಳದಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದೆ. ಅಕ್ಕ ಬಂದು ಕೂತಳು. ಅತ್ತರೆ ನನಗೆ ಸಮಾಧಾನವಾಗುತ್ತಿತ್ತೇನೋ. ಆಕೆ ಅಳಲಿಲ್ಲ. ಹಪ್ಪಳದ ಅಂಚು ಮುಟ್ಟುತ್ತ ಕೇಳಿದಳು:

"ನೀ ಯಾವ ಚೀಲದ್ದು ತಗದಿದ್ದಿ, ತಂಗಿ?"

"ಬಾಗಿಲ ಕಡೇವು."

"ಹಂಗಾರ ಸುಮ್ಮನ ಆತು."

"ಯಾಕ?"

"ನಾ ಎಮ್ಮೀಗೆ ಹಾಕೂದು ಗ್ವಾಡಿ ಕಡೇದು."

ನನ್ನ ಕೈ ನಿಂತಿತು.

"ಮುಂದಿನ ಚೀಲ ಅಣ್ಣನ ಎತ್ತಿಗೆ. ನಾನೂ ಅದರಾಗ ಬೊಗಸಿ ಹಾಕಿದ್ರ, ಲಗೂ ತಳಾ ಕಂಡ್ರ, ಇಕಿ ಎಮ್ಮಿ ಎಲ್ಲಾ ತಿಂತು ಅಂತ ಒಂದ ಮಾತು ಬರ್ತೈತಿ. ಅದಕ್ಕ ನಾ ಸಂದ್ಯಾಗ ಹೋಗಿ ಹಿಂದಿನ ಚೀಲದ್ದು ತರ್ತೇನಿ. ಅದು ಕಡಿಮಿ ಆದದ್ದು ಯಾರಿಗೂ ಕಾಣೂದಿಲ್ಲ."

"ಅದರಾಗ ಬೂಸರ ಇತ್ತೇನು?"

"ಇತ್ತು. ಕೈಗೆ ಸಿಕ್ಕಷ್ಟು ಆರಿಸಿ ಒಗೀತಿದ್ದೆ."

"ಮತ್ತ ಹೇಳಬಾರದಾ ಅಕ್ಕಾ!"

ಆಕೆ ನನ್ನ ಮುಖ ನೋಡಿದಳು. "ತಿನ್ನೂ ಕೂಳಿಗೆ ಹೆಸರಿಡ್ತಾಳ ಅನ್ನಸ್ಕೊಳ್ಳಲೇನು?"

ಈಗ ನಾನು ಒಂದು ಮಾತು ಹೇಳಬೇಕು. ಹಿಂದಿನ ಚೀಲಗಳು ಒತ್ತಿಕೊಂಡಿದ್ದ ಆ ಗೋಡೆಯ ಆಚೆ ಇರುವುದು ನನ್ನ ಬಚ್ಚಲು.

ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಸ್ನಾನಕ್ಕೆ ಹಿತ್ತಲಲ್ಲಿ ಒಂದು ಹಾಸುಗಲ್ಲು, ಮೂರು ಕಡೆ ಎದೆಮಟ್ಟದ ಗೋಡೆ, ಒಂದು ಕಡೆ ಹಳೆಯ ಸೀರೆಯ ಪರದೆ. ನಾನು ಮೊದಲ ವರ್ಷ ಒಂದು ಕೈಯಲ್ಲಿ ಪರದೆ ಹಿಡಿದೇ ನೀರು ಹಾಕಿಕೊಂಡೆ. ಅದು ಹೇಗೋ ಭಾವನ ಕಿವಿಗೆ ಬಿದ್ದು, ಯಾರಿಗೂ ಏನೂ ಹೇಳದೆ, ಹಿಂಡಿಯ ಕೋಣೆಯ ಗೋಡೆಗೆ ಹೊಂದಿಸಿ ಒಂದು ಬಚ್ಚಲು ಕಟ್ಟಿಸಿದರು. ನಳ, ಬಿಳಿ ಟೈಲ್ಸು, ಒಳಗಡೆಯಿಂದ ಹಾಕುವ ಚಿಲಕ. ಓಣಿಯವರು ನಕ್ಕರು: "ತಮ್ಮನ ಹೇಣ್ತಿಗೆ ಅರಮನಿ ಕಟ್ಟಿಸ್ಯಾನ ನೋಡಲೇ." ಅವರು ಕೇಳಿಸಿಕೊಂಡು ಸುಮ್ಮನಿದ್ದರು.

ಆ ಮನೆಯಲ್ಲಿ ನಾನು ಚಿಲಕ ಹಾಕಿಕೊಳ್ಳಬಹುದಾದ ಜಾಗ ಅದೊಂದೇ. ಮಲಗುವ ಕೋಣೆಗೂ ಹಗಲು ಬಾಗಿಲು ಹಾಕುವಂತಿಲ್ಲ. ಬಚ್ಚಲಲ್ಲಿ ನಳ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದೆ. ಅಮ್ಮನಿಗೆ ಫೋನು ಮಾಡುತ್ತಿದ್ದೆ. ಅಲ್ಲೇ, ಹೋದ ವರ್ಷ, ಟೈಲ್ಸಿನ ಕೆಳಗಿನ ಸಾಲು ಗೋಡೆ ಬಿಟ್ಟು ಉಬ್ಬಿದ್ದನ್ನು ನೋಡಿದೆ. ಬೆರಳು ಒತ್ತಿದರೆ ಸಂದಿನಿಂದ ನೀರು ಒಳಗೆ ಇಳಿಯುತ್ತಿತ್ತು. ಗೋಡೆಯ ಆಚೆ ಏನಿದೆ ಅಂತ ನನಗೆ ಗೊತ್ತಿತ್ತು. ಹೇಳಿದರೆ ಬಚ್ಚಲು ಬಂದ್ ಮಾಡುತ್ತಾರೆ ಅನ್ನುವುದೂ ಗೊತ್ತಿತ್ತು. ಹೇಳಲಿಲ್ಲ. ಆ ದಿನ ಬುಟ್ಟಿ ಹಿಡಿದು ಹಿಂಡಿಯ ಕೋಣೆಗೆ ಹೋದಾಗ ಸಂದಿನಲ್ಲಿ ನುಗ್ಗಲಿಲ್ಲ. ಮಣ್ಣಿನ ತಂಪು ವಾಸನೆ ಆ ಕಡೆಯಿಂದ ಬರುತ್ತಿತ್ತು. "ಹೋಗಾಕ ಆಗೂದಿಲ್ಲರಿ" ಅಂದೆ.

ಹಪ್ಪಳ ಅಲ್ಲೇ ಬಿಟ್ಟು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ನಳ ಬಿಟ್ಟು ಡಾಕ್ಟರಬಾಯಿಗೆ ಫೋನು ಮಾಡಿದೆ. ನಳದ ನೀರು ಉಬ್ಬಿದ ಟೈಲ್ಸಿನ ಕಡೆ ಹರಿಯುತ್ತಿರುವುದು ಕಂಡು ಕೈ ಚಾಚಿ ಬಂದ್ ಮಾಡಿದೆ. ಮಾತು ಹೊರಗೆ ಕೇಳಿದರೆ ಕೇಳಲಿ ಅಂತಲ್ಲ. ಬೇರೆ ದಾರಿ ಇರಲಿಲ್ಲ.

"ಡಾಕ್ಟರ್, ಆ ಸ್ಯಾಂಪಲ್ಲು ನಾವು ಹಸನ ಮಾಡಿ ಕೊಟ್ಟಿದ್ವಿ."

"ಹಸನ? ಅಂದ್ರ?"

"ಕೇರಿ, ಆರಿಸಿ, ಬಿಸಲಿಗೆ ಹಾಕಿ…"

 ಅವರು ನಕ್ಕರೋ ಬೈದರೋ ತಿಳಿಯಲಿಲ್ಲ. "ಅಲ್ರಿ ನಮ್ಮವ್ವಾ, ರಕ್ತಾ ತೊಳದು ಟೆಸ್ಟಿಗೆ ಕೊಡ್ತಾರೇನ್ರಿ? ಇಂಗ್ಲಿಷ್ ಓದಾಕ ಬರ್ತೈತಿ ಅಂತ ನಿಮ್ಮ ಕೈಯಾಗ ಹಾಳಿ ಕೊಟ್ಟೆ!"

ಹಿಂದಿನ ಸಾಲಿನ ಮಾತು ಹೇಳಿದೆ. ಗೋಡೆಯ ಮಾತು ಹೇಳಲಿಲ್ಲ. ಅವರು ಹೇಳಿದರು: "ಎಮ್ಮಿ ತಿಂದದ್ದು ಆ ಸಾಲಿಂದಾದ್ರ ಆ ಸಾಲಿಂದು ಬ್ಯಾರೆ ಚೀಲ, ಮುಂದಿಂದು ಬ್ಯಾರೆ ಚೀಲ. ಎರಡೂ ಹಾಳ್ಯಾಗ ಬರದಂಗ ತಗೀರಿ. ಕೆಟ್ಟದ್ದು ಕಂಡ್ರ ಬಿಡಬ್ಯಾಡ್ರಿ, ಹುಡುಕಿ ಹುಡುಕಿ ಹಾಕಲೂಬ್ಯಾಡ್ರಿ. ನಾಳೆ ನೀವಽ ಬಾಗಲಕೋಟಿಗೆ ಒಯ್ದು ಕೊಟ್ರ ಸಂತಿಯೊಳಗ ಉತ್ತರ ಬರೂ ಹಂಗ ನಾ ಹೇಳ್ತೇನಿ."

ಮರುದಿನ ಬೆಳಗ್ಗೆ ಭಾವ ಊಟಕ್ಕೆ ಕೂತಿದ್ದರು. ನಾನು ಅಡುಗೆಮನೆ ಬಾಗಿಲ ಒಳಗೆ, ಅತ್ತೆ ಹೊಸ್ತಿಲ ಮೇಲೆ.

"ಅತ್ತಿ, ಇನ್ನೊಮ್ಮೆ ಹಿಂಡಿ ತಗಿಬೇಕಂತರಿ."

"ಯಪ್ಪಾ, ಇನ್ನೊಮ್ಮೆ ಹಿಂಡಿ ತಗಿಬೇಕಂತ."

"ಒಮ್ಮೆ ಆತಲ್ಲ? ಕಾಗದ ಬಂತಲ್ಲ?" ಅಂದರು ಭಾವ ತಾಟಿಗೆ.

"ಒಮ್ಮೆ ಆತಲ್ಲ ಅಂತಾನ್ ಬೇ."

"ಅದು ಹಸನ ಮಾಡಿದ್ದು. ನಡಿಯೂದಿಲ್ಲಂತ."

ಅತ್ತೆ ಈ ಮಾತನ್ನು ಮುಂದೆ ದಾಟಿಸಲಿಲ್ಲ. ನನ್ನ ಕಡೆ ತಿರುಗಿದರು. "ನಾ ಮಾಡಿದ್ದು ತಪ್ಪಂತೇನು? ಹೊಲಸು ಕಳಸಬೇಕಿತ್ತೇನು?"

"ಹಂಗಲ್ಲರಿ…"

"ಹೇಳ್ ಹೇಳ್. ಕಲತಾಕಿ ನೀ."

ಅಕ್ಕ ಎಮ್ಮೆಯ ಗೋದಲಿಯಿಂದ ಬಂದು ಅಂಗಳದಲ್ಲಿ ನಿಂತಿದ್ದಳು, ಕೈಯಲ್ಲಿ ಖಾಲಿ ಪುಟ್ಟಿ. ನನಗೆ ಹಿಂದೆ ಒಲೆ, ಮುಂದೆ ಅತ್ತೆ, ಆಚೆ ಭಾವ. ಅತ್ತೆ ಹೊಸ್ತಿಲು ಬಿಟ್ಟು ಏಳುವ ಲಕ್ಷಣ ಇರಲಿಲ್ಲ. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು, ಅತ್ತೆಯ ಮೇಲಿಂದಲೇ ಹೇಳಿಬಿಟ್ಟೆ:

"ಭಾವರಿ, ಗ್ವಾಡಿ ಕಡೆ ಚೀಲ ಹೊರಗ ತಗೀರಿ. ಅಕ್ಕನ ಎಮ್ಮಿ ತಿಂದದ್ದು ಅದನ್ನ."

ಒಂಬತ್ತು ವರ್ಷದಲ್ಲಿ ಅದು ಅವರ ಕೂಡ ನಾನಾಡಿದ ಮೊದಲ ಮಾತು. ಅವರು ನನ್ನನ್ನು ನೋಡಿದರು. ಕೋಪ ಇರಲಿಲ್ಲ; ಯಾರೋ ಹೆಸರು ಹಿಡಿದು ಕರೆದಂತೆ ನೋಡಿದರು. ಕೈ ತೊಳೆದು ಎದ್ದರು.

ಮುಂದಿನ ಚೀಲ ಸರಿದವು. ಹಿಂದಿನ ಸಾಲಿನ ಮೂರನೆಯ ಚೀಲ ಎಳೆದಾಗ ಅದು ಬರಲಿಲ್ಲ, ಗೋಡೆಗೆ ಅಂಟಿಕೊಂಡಿತ್ತು. ಜಗ್ಗಿದರು. ಚೀಲದ ಬೆನ್ನು ಗೋಡೆಯ ಮೇಲೇ ಉಳಿದು ಹಿಂಡಿ ಉದುರಿತು. ಹಸಿರು, ಬೂದು, ನಡುವೆ ಹಳದಿ. ನಾನು ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು, ಜ್ವರ ಬಂದ ಕೂಸಿನ ಹಣೆಯ ಹಾಗೆ.

"ಬೂಸರ ಎಲ್ಲಾರ ಮನ್ಯಾಗೂ ಬರ್ತೈತಿ ಮಳಿಗಾಲದಾಗ," ಅಂದರು ಭಾವ.  ಅವರ ಅಂಗೈ ಗೋಡೆಯ ಮೇಲಿತ್ತು. ತೆಗೆದು ನೋಡಿದರು. ಅಂಗೈಯೆಲ್ಲ ತೇವ.

"ಮಳೀ ಈ ಕಡೆಯಿಂದ ಬಡಿಯೂದಿಲ್ಲ. ಇದು ಯಾವ ನೀರು?"

 ಅತ್ತೆಗೆ ತಿಳಿಯಿತು, ಅಕ್ಕನಿಗೆ ತಿಳಿಯಿತು, ಭಾವನಿಗೂ ತಿಳಿಯಿತು. ಕಟ್ಟಿಸಿದವರು ಅವರೇ. ನಾನು ಬಗ್ಗಿ ಹಳೆಯ ಚಾದರ ಹಾಸತೊಡಗಿದೆ.

ಭಾವ ಹೊರಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತರು. ಅವರ ಮೈ ಬಾಗಿಲು ತುಂಬಿ ಬೆಳಕು ಅಡ್ಡವಾಗಿತ್ತು. ನಾನು ಒಳಗೆ ಕೂತು ಒಂದೊಂದು ಚೀಲಕ್ಕೆ ತೋಳು ಮುಳುಗುವ ತನಕ ಕೈ ಇಳಿಸಿ, ಮೇಲಿಂದ ಒಂದು ಹಿಡಿ, ನಡುವಿಂದ ಒಂದು, ತಳದಿಂದ ಒಂದು ತೆಗೆದು ಚಾದರಕ್ಕೆ ಹಾಕಿದೆ. ಅಕ್ಕ ಮಗ್ಗಲಲ್ಲಿ ಕೂತಳು, ಹರಿದ ಚೀಲದಿಂದ ಒಂದು ದೊಡ್ಡ ಹಸಿರು ಗಂಟು ಎತ್ತಿ ನನ್ನ ರಾಶಿಗೆ ಸರಿಸಿದಳು.

"ಇದನ್ನಷ್ಟಽ ಕಟ್ಟು," ಅಂದಳು ಉಸಿರಲ್ಲಿ. "ಉಳದದ್ದು ಯಾಕ? ಇದನ್ನ ನೋಡಿದ್ರ ಅವರಿಗೆ ತಿಳೀತೈತಿ."

ಅದು ಎಷ್ಟು ಸುಲಭವಿತ್ತು. ಒಂದು ಗಂಟು, ಎಮ್ಮೆ ಉಳಿಯಿತು. ಹಿಂದಿನ ಸಾಲಿನ ನಾಲ್ಕು ಚೀಲದಲ್ಲಿ ಪೂರ್ತಿ ಕೆಟ್ಟದ್ದು ಒಂದು, ಅರ್ಧ ಕೆಟ್ಟದ್ದು ಒಂದು, ಎರಡು ಕಣ್ಣಿಗೆ ಚೆನ್ನಾಗಿಯೇ ಇದ್ದವು. ಎಲ್ಲ ಕೂಡಿಸಿದರೆ ವಿಷ ತೆಳುವಾಗಿ, ಫಲಿತಾಂಶ ಮತ್ತೆ ನಿರ್ದೋಷಿ ಅಂತ ಬಂದರೆ? ಅಕ್ಕನ ಬೆರಳು ನನ್ನ ಮೊಣಕಾಲ ಮೇಲಿತ್ತು. ಅತ್ತ ಬಾಗಿಲಲ್ಲಿ ಭಾವ ನೋಡುತ್ತಿದ್ದರು; ಅವರಿಗೆ ತಾವು ಕಲಸಿದ ಹಿಂಡಿ ನಿರ್ದೋಷಿ ಅಂತಲೇ ಬರಬೇಕಾಗಿತ್ತು. ನನಗೂ ನನ್ನದೊಂದು ಬೇಕಾಗಿತ್ತು, ಅದು ಗೋಡೆಯ ಆಚೆ ಬಿಳಿ ಟೈಲ್ಸಿನಲ್ಲಿತ್ತು. ಮೂವರಿಗೂ ಬೇಕಾದದ್ದು ಆ ಚಾದರದ ಮೇಲೆ ಬಿದ್ದಿತ್ತು, ಯಾವ ಕಡೆ ಕೈ ಜಾರಿದರೂ ಒಬ್ಬರದು ಹೋಗುವ ಹಾಗೆ.

ಒಮ್ಮೆ ಆರಿಸಿ ಆಗಿತ್ತು. ಗಂಟನ್ನು ಎತ್ತಿ ವಾಪಸು ಚೀಲಕ್ಕೆ ಹಾಕಿದೆ. "ಅಕ್ಕಾ, ಎಮ್ಮಿ ಏನ್ ತಿಂದಿತ್ತೋ ಅದು ಹೋಗ್ಲಿ," ಅಂದೆ. ಆಕೆ ಮೊಣಕಾಲಿನಿಂದ ಕೈ ತೆಗೆದಳು.

ರಾಶಿಯನ್ನು ಕಲಸಿ, ಬಿಲ್ಲೆಯ ಹಾಗೆ ತಟ್ಟಿ, ಅಡ್ಡ ಉದ್ದ ಗೆರೆ ಎಳೆದು, ಎದುರುಬದುರಿನ ಎರಡು ಪಾಲು ಉಳಿಸಿ ಎರಡು ತೆಗೆದೆ. ಮತ್ತೆ ಕಲಸಿದೆ, ಮತ್ತೆ ತಟ್ಟಿದೆ. ಚಾದರದ ನೆರಿಗೆಯಲ್ಲಿ ಕೂತ ಪುಡಿಯನ್ನೂ ಸೆರಗಿನಿಂದ ಗುಡಿಸಿ ಒಳಗೆ ಹಾಕಿದೆ. ಆ ಪುಡಿಯನ್ನು ಊದಿ ಹಾರಿಸಬೇಕು ಅಂತ ನನ್ನ ತುಟಿ ತಾನಾಗಿ ಮುಂದೆ ಬರುತ್ತಿತ್ತು. ಆಮೇಲೆ ಬಾಗಿಲ ಸಾಲಿಗೂ ಹಾಗೇ. ಎರಡು ಚೀಲ, ಎರಡು ಚೀಟಿ. ಈ ಸಲ ಕೆಳಗೆ ಗೆರೆ ಎಳೆಯಲಿಲ್ಲ.

"ಸಂತಿ ತನಕಾ ನೋಡ್ತೀನಿ," ಅಂದರು ಭಾವ, ಬಾಗಿಲಿಗೆ. "ಕಾಗದ ಬರಲಿಲ್ಲ ಅಂದ್ರ ಹೊಡಿಯೂದು ಖರೆ."

ಬಾಗಲಕೋಟೆಯ ಬಸ್ಸಿನಲ್ಲಿ ಎರಡೂ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಅಮೀನಗಡದಲ್ಲಿ ಹತ್ತಿದ ಒಬ್ಬ ಮುದುಕಿ ಮೂಗು ಅರಳಿಸಿ ನೋಡಿದಳು.

"ಏನ್ ಬೇ ಅದು, ಬುತ್ತಿಯೇನು?"

"ಹಿಂಡಿರಿ."

"ಹಿಂಡಿ ತೊಡಿ ಮ್ಯಾಲೆ ಇಟಗೊಂಡ್ ಎಲ್ಲಿಗೆ ಹೊಂಟಿ? ದನಾ ಬೀಗರ ಮನ್ಯಾಗ ಅದಾವೇನು?" ಅಂದು ತಾನೇ ನಕ್ಕಳು. ಶಿರೂರಿನಲ್ಲಿ ಇಳಿಯುವ ತನಕ ಅದನ್ನೇ ಹಿಂದಿನ ಸೀಟಿನವರಿಗೂ ಹೇಳಿದಳು. ನಾನೂ ನಕ್ಕೆ. ಒಬ್ಬಳೇ ಬಸ್ಸಿನಲ್ಲಿ ಹೋಗುವುದು ನನಗೆ ಎಷ್ಟೋ ವರ್ಷದ ಮೇಲೆ ಸಿಕ್ಕಿತ್ತು. ಕಿಟಕಿ ತೆರೆದಿತ್ತು. ಆದರೂ ಮೈ ಸಡಿಲಾಗಲಿಲ್ಲ. ಚೀಲ ಕೊಟ್ಟು, ಸಂಜೆಯೊಳಗೆ ತಿರುಗಿ ಬಂದೆ.

ಸಂತೆಯ ಹಿಂದಿನ ದಿನ ಡಾಕ್ಟರಬಾಯಿಯೇ ಬಂದರು. ಬಾಗಿಲ ಸಾಲು ನಡೆಯುತ್ತದೆ. ಗೋಡೆಯ ಸಾಲು ಯಾವ ದನಕ್ಕೂ ಹಾಕುವಂಥದ್ದಲ್ಲ. "ನಾಕೂ ಚೀಲ ಹುಗೀರಿ. ಕೋಳಿಗೂ ಚೆಲ್ಲಬ್ಯಾಡ್ರಿ. ಎಮ್ಮಿ ಈಗಽ ಮಾರಬ್ಯಾಡ್ರಿ, ನಾ ಔಷಧ ಕೊಡ್ತೇನಿ."

ಭಾವ ಅಂದೇ ಗುಂಡಿ ತೋಡಿ ಚೀಲ ಹುಗಿದರು. ಮರುದಿನ ಸಂತೆಗೆ ಬರಿಗೈಯಲ್ಲಿ ಹೋಗಿ, ಒಂದು ಕೊಡಲಿಕಾವು ತಂದರು. ಅದರ ಮರುದಿನ ಗೌಂಡಿ ಬಂದ. ನಳದ ಪೈಪು ಕತ್ತರಿಸಿದ. ಬಚ್ಚಲಿನ ಬಾಗಿಲಿಗೆ ಹೊರಗಿನಿಂದ ಎರಡು ಹಲಗೆ ಬಡಿದ. ಭಾವ ಅತ್ತೆಗೆ ಹೇಳಿದರು, ನನಗೆ ಕೇಳುವ ಹಾಗೆ: "ಬ್ಯಾರೆ ಕಡೆ ಕಟ್ಟಸೂಣು, ಸುಗ್ಗಿ ಆಗಲಿ." ಬೈಗುಳದ ಒಂದು ಅಕ್ಷರ ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಎಮ್ಮೆ ಹತ್ತು ಹನ್ನೆರಡು ದಿನದ ಮೇಲೆ ಜೋಳದ ಕಣಕಿಗೆ ಬಾಯಿ ಹಾಕಿತು. ಹಾಲು ಮೊದಲಿನಷ್ಟು ಬಂದಿಲ್ಲ, ಆದರೆ ಟೀಗೆ ಆಗುತ್ತದೆ. ಅದು ಗೂಟದಲ್ಲೇ ಇದೆ. ಅಕ್ಕ ಈಗ ಬಾಗಿಲ ಸಾಲಿನ ಚೀಲದಿಂದಲೇ ಹಿಂಡಿ ತರುತ್ತಾಳೆ, ಭಾವನ ಎದುರಿಗೇ, ಬೊಗಸೆ ತುಂಬ.

ನಾನು ಮತ್ತೆ ಹಿತ್ತಲಿನ ಹಾಸುಗಲ್ಲಿಗೆ ಹೋದೆ. ಪರದೆ ಬೇರೆ ಸೀರೆಯದು, ಗಾಳಿ ಅದೇ. ಮೂರನೆಯ ದಿನವೋ ನಾಲ್ಕನೆಯ ದಿನವೋ, ನಾನು ಒಂದು ಕೈಯಲ್ಲಿ ಪರದೆ ಹಿಡಿದು ಇನ್ನೊಂದರಲ್ಲಿ ತಂಬಿಗೆ ಎತ್ತುವಾಗ ಹೊರಗಿನಿಂದ ಯಾರೋ ಪರದೆ ಹಿಡಿದರು. ಅಕ್ಕ. ಬೆನ್ನು ನನ್ನ ಕಡೆ, ಮುಖ ಬಣವೆಯ ಕಡೆ.

"ಬಿಡು, ನಾ ಹಿಡೀತೇನಿ. ಎರಡೂ ಕೈಲೆ ನೀರ ಹಾಕೋ."

ನಾನು ಮುಖಕ್ಕೆ ಸಾಬೂನು ಹಚ್ಚಿಕೊಂಡೆ. ಕಣ್ಣು ಮುಚ್ಚಿತ್ತು.

"ತಂಗಿ."

"ಹಾಂ ಅಕ್ಕಾ."

"ಗ್ವಾಡಿಗೆ ನೀರ ಇ‌ಳೀತೈತಿ ಅಂತ ನಿನಗ ಮೊದಲಽ ಗೊತ್ತಿತ್ತು. ಹೌದಿಲ್ಲೋ?"

ಓಡಿ ಹೋಗಲು ಸೀರೆ ಮೈಮೇಲಿರಲಿಲ್ಲ, ಹಾಕಿಕೊಳ್ಳಲು ಚಿಲಕ ಇರಲಿಲ್ಲ, ತಂಬಿಗೆ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತಿರಲಿಲ್ಲ. ಪರದೆ ಆಕೆಯ ಕೈಯಲ್ಲಿತ್ತು.

"ಗೊತ್ತಿತ್ತು," ಅಂದೆ. "ಹೋದ ವರ್ಷದಿಂದ."

 ನನ್ನ ಕಿವಿಯಲ್ಲಿ ಸಾಬೂನಿನ ನೊರೆ ಒಡೆಯುವ ಸಣ್ಣ ಸದ್ದು. ಗೋದಲಿಯ ಕಡೆ ಎಮ್ಮೆ ಕಣಕಿ ಅಗಿಯುತ್ತಿತ್ತು.

"ನೀರ ಆರ್ತಾವ," ಅಂದಳು ಕೊನೆಗೆ. "ಲಗೂ ತೊಳಕೋ." ಪರದೆ ಬಿಡಲಿಲ್ಲ.